ಮೊಣಕಾಲಿನ ಸವೆತ: ರಕ್ತದ ಸಾಕ್ಷ್ಯ, ಹಾಜರಿ ಪುಸ್ತಕದ ಸಾಕ್ಷ್ಯ

ಕಳೆದ ಮಳೆಗಾಲದಲ್ಲಿ ನನ್ನ ಬಲ ಮೊಣಕಾಲು ಮೆಟ್ಟಿಲು ಇಳಿಯಲು ತಕರಾರು ತೆಗೆಯಿತು. ಅರವತ್ತು ದಾಟಿದವನಿಗೆ ಇದು ಅನಿರೀಕ್ಷಿತವೇನಲ್ಲ. ಆದರೆ ಮೂರು ದಶಕ ಸರ್ಕಾರಿ ನೌಕರಿಯಲ್ಲಿ ಕಳೆದವನಿಗೆ ಯಾವುದಕ್ಕೂ ಒಂದು ಲಿಖಿತ ದಾಖಲೆ ಇರಲಿ ಎನಿಸುವುದು ಹಳೆಯ ಚಾಳಿ. ಪ್ರಯೋಗಾಲಯವೊಂದರ ಜಾಹೀರಾತಿನಲ್ಲಿ ಸಂಧಿವಾತದ 'ಪ್ಯಾಕೇಜ್' ಕಂಡು, ವೈದ್ಯರ ಚೀಟಿಗೂ ಕಾಯದೆ ರಕ್ತ ಕೊಟ್ಟು ಬಂದೆ. ಯೂರಿಕ್ ಆಮ್ಲ, ರುಮಟಾಯ್ಡ್ ಫ್ಯಾಕ್ಟರ್, ಸಿಆರ್‌ಪಿ, ಇಎಸ್‌ಆರ್, ಕ್ಯಾಲ್ಸಿಯಂ, ವಿಟಮಿನ್ ಡಿ ಎಂದು ಪುಟಗಟ್ಟಲೆ ವರದಿ ಬಂದಿತು. ಎಲ್ಲವೂ ಮಿತಿಯೊಳಗೇ ಇದ್ದವು. ಮೊಣಕಾಲು ಮಾತ್ರ ಮೊದಲಿನಂತೆಯೇ ನೋಯುತ್ತಿತ್ತು.

ವರದಿಯನ್ನು ನೋಡಿದ ಪರಿಚಿತ ವೈದ್ಯರು ನಕ್ಕರು. ಈ ಪರೀಕ್ಷೆಗಳು ನಿಮಗೆ ಗೌಟ್ ಇಲ್ಲ, ರುಮಟಾಯ್ಡ್ ಸಂಧಿವಾತ ಇಲ್ಲ ಎಂದು ಹೇಳುತ್ತವೆ. ನಿಮಗೆ ಇರುವುದು ವಯಸ್ಸಿನ ಸವೆತ, ಅದನ್ನು ಅಳೆಯುವ ಅಂಕಿ ಇದರಲ್ಲಿ ಒಂದೂ ಇಲ್ಲ ಎಂದರು. ನಲವತ್ತೈದು ದಾಟಿದವರಿಗೆ ನಡೆದಾಗ, ಹತ್ತಿ ಇಳಿದಾಗ ಮೊಣಕಾಲು ನೋಯುತ್ತಿದ್ದು, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲಾಗುತ್ತಿದ್ದರೆ ಅದು ಆಸ್ಟಿಯೋಆರ್ಥ್ರೈಟಿಸ್ ಎಂದು ತೀರ್ಮಾನಿಸಲು ಎಕ್ಸ್-ರೇ ಕೂಡ ಕಡ್ಡಾಯವಲ್ಲವಂತೆ. ಹಾಗಿದ್ದರೆ ಮೃದ್ವಸ್ಥಿಯ ಸವೆತವನ್ನು ರಕ್ತದಲ್ಲಿ ಕಾಣುವ ಪರೀಕ್ಷೆ ಇಲ್ಲವೇ ಎಂದು ಕೇಳಿದೆ. ಬರುತ್ತಿದೆ, ಆದರೆ ಇನ್ನೂ ಬಂದಿಲ್ಲ ಎಂಬುದು ಅವರ ಉತ್ತರ. ಆ ಉತ್ತರದ ಬೆನ್ನು ಹತ್ತಿ ಓದಿದ್ದು ಈ ಲೇಖನಕ್ಕೆ ಒಂದು ಕಾರಣ. ಇನ್ನೊಂದು ಕಾರಣ, ನನಗಿಂತ ಇಪ್ಪತ್ತು ವರ್ಷ ಮೊದಲೇ ಮೊಣಕಾಲು ಕಳೆದುಕೊಳ್ಳುವ ಜನ ಇರುವ ಕಲಬುರಗಿ ಜಿಲ್ಲೆಯ ಪೂರ್ವ ಭಾಗ.

ಕಾರ್ಟಿಲೇಜ್ ಎಂದು ವೈದ್ಯರು ಕರೆಯುವ ಮೃದ್ವಸ್ಥಿಯು ಮೊಣಕಾಲಿನ ಎರಡು ಮೂಳೆಗಳ ತುದಿಗೆ ಹೊದಿಸಿದ ನುಣುಪಾದ ಪದರ. ಅದರ ಬಹುಪಾಲು ನೀರು. ಉಳಿದದ್ದು ಮುಖ್ಯವಾಗಿ ಎರಡನೇ ಬಗೆಯ ಕೊಲಾಜನ್ ಎಳೆಗಳ ಬಲೆ ಮತ್ತು ಆ ಬಲೆಯೊಳಗೆ ನೀರನ್ನು ಹಿಡಿದಿಡುವ ಅಗ್ರಿಕಾನ್ ಎಂಬ ಪದಾರ್ಥ. ಈ ಪದರಕ್ಕೆ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ರಕ್ತನಾಳ ಇಲ್ಲದ್ದರಿಂದ ಸವೆದದ್ದು ಸುಲಭವಾಗಿ ಬೆಳೆಯುವುದಿಲ್ಲ. ನರ ಇಲ್ಲದ್ದರಿಂದ ಸವೆಯುತ್ತಿರುವುದು ನಮಗೆ ತಿಳಿಯುವುದಿಲ್ಲ. ಸವೆತ ಸುತ್ತಲಿನ ಪೊರೆಗೆ, ಕೆಳಗಿನ ಮೂಳೆಗೆ ಮುಟ್ಟಿದಾಗಲಷ್ಟೇ ನೋವು. ಎಕ್ಸ್-ರೇ ಸಹ ಮೃದ್ವಸ್ಥಿಯನ್ನು ನೇರವಾಗಿ ಕಾಣಲಾರದು. ಎರಡು ಮೂಳೆಗಳ ನಡುವಿನ ಅಂತರ ಕಿರಿದಾದದ್ದನ್ನು, ಅಂಚಿನಲ್ಲಿ ಮೂಳೆ ಮೊಳೆತದ್ದನ್ನು ನೋಡಿ ಊಹಿಸುತ್ತದೆ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ರೂಪಿಸಿದ ಸೊನ್ನೆಯಿಂದ ನಾಲ್ಕರವರೆಗಿನ ಶ್ರೇಣಿಯೇ ಇಂದಿಗೂ ಈ ಊಹೆಯ ಅಳತೆಗೋಲು. ಚಿತ್ರದಲ್ಲಿ ಕಾಣುವಷ್ಟು ಸವೆಯುವ ವೇಳೆಗೆ ರೋಗಕ್ಕೆ ಹಲವು ವರ್ಷ ವಯಸ್ಸಾಗಿರುತ್ತದೆ.

ರಕ್ತದ ಪರೀಕ್ಷೆಯ ಆಸೆ ಹುಟ್ಟಿದ್ದು ಇಲ್ಲಿ. ಮೃದ್ವಸ್ಥಿಯನ್ನು ಕಿಣ್ವಗಳು ತುಂಡರಿಸಿದಾಗ ಆ ಚೂರುಗಳು ಮೊದಲು ಕೀಲಿನ ದ್ರವಕ್ಕೆ, ಅಲ್ಲಿಂದ ರಕ್ತಕ್ಕೆ, ಕೊನೆಗೆ ಮೂತ್ರಕ್ಕೆ ಸೇರುತ್ತವೆ. ಹರಿವ ನೀರಿನ ಕೆಸರು ನೋಡಿ ಮೇಲೆ ಎಲ್ಲೋ ದಡ ಕುಸಿಯುತ್ತಿದೆ ಎಂದು ತಿಳಿಯುವ ಹಾಗೆ, ಈ ಚೂರುಗಳನ್ನು ಎಣಿಸಿದರೆ ಕೀಲಿನ ಸ್ಥಿತಿ ತಿಳಿಯಬಾರದೇಕೆ ಎಂಬುದು ತರ್ಕ. ಸ್ವೀಡನ್‌ನ ಲುಂಡ್‌ನಲ್ಲಿ ತೊಂಬತ್ತರ ದಶಕದ ಆರಂಭದಲ್ಲಿ ಸಂಶೋಧಕರು ಮೃದ್ವಸ್ಥಿಯ ಒಂದು ಪ್ರೋಟೀನನ್ನು ರಕ್ತದಲ್ಲಿ ಅಳೆದು ತೋರಿಸಿದರು. ಅದನ್ನು ಚಿಕ್ಕದಾಗಿ 'ಕಾಂಪ್' ಎನ್ನುತ್ತಾರೆ. ಕೊಲಾಜನ್ ಎಳೆಯ ತುದಿಯ ಚೂರು 'ಸಿಟಿಎಕ್ಸ್-2' ಮೂತ್ರದಲ್ಲಿ ಸಿಗುತ್ತದೆ. 2021ರಲ್ಲಿ ಐಸ್‌ಲ್ಯಾಂಡ್‌ನ ಸಂಶೋಧಕರು ಸಾವಿರಾರು ಜನರ ರಕ್ತದ ಪ್ರೋಟೀನುಗಳನ್ನು ಸೋಸಿ 'ಸಿಆರ್‌ಟಿಎಸಿ-1' ಎಂಬುದು ಈ ರೋಗದೊಂದಿಗೆ ಗಟ್ಟಿಯಾಗಿ ತಳಕು ಹಾಕಿಕೊಂಡಿದೆ ಎಂದರು.

ಹೆಚ್ಚು ಸುದ್ದಿಯಾದದ್ದು 2024ರ ಏಪ್ರಿಲ್‌ನಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವರ್ಜೀನಿಯಾ ಕ್ರಾಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಲಂಡನ್ ಬಳಿಯ ಚಿಂಗ್‌ಫರ್ಡ್‌ನಲ್ಲಿ ಎಂಬತ್ತರ ದಶಕದ ಕೊನೆಯಿಂದ ಸುಮಾರು ಸಾವಿರ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ, ಅವರ ರಕ್ತವನ್ನು ಕಾಪಿಟ್ಟಿದ್ದರು. ಅವರ ಪೈಕಿ ಮುಂದೆ ಮೊಣಕಾಲು ಸವೆದ ನೂರು ಮಂದಿ, ಸವೆಯದ ನೂರು ಮಂದಿಯ ಹಳೆಯ ರಕ್ತವನ್ನು ಹೋಲಿಸಿದಾಗ, ಎಕ್ಸ್-ರೇಯಲ್ಲಿ ಗುರುತು ಕಾಣುವ ಎಂಟು ವರ್ಷ ಮುಂಚೆಯೇ ಕೆಲವು ಪ್ರೋಟೀನ್ ತುಣುಕುಗಳಲ್ಲಿ ವ್ಯತ್ಯಾಸವಿತ್ತು. ಆರು ತುಣುಕುಗಳ ಒಂದು ಗುಂಪು ಎರಡು ವರ್ಗಗಳನ್ನು ತಕ್ಕಮಟ್ಟಿಗೆ ಬೇರ್ಪಡಿಸಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಸುದ್ದಿಯ ಶೀರ್ಷಿಕೆಗೂ ಆಸ್ಪತ್ರೆಯ ಕೌಂಟರಿಗೂ ನಡುವೆ ದೂರ ಬಹಳ. ರಕ್ತದಲ್ಲಿ ಚೂರು ಸಿಕ್ಕರೂ ಅದು ಯಾವ ಕೀಲಿನದು ಎಂದು ರಕ್ತ ಹೇಳುವುದಿಲ್ಲ. ಬಲ ಮೊಣಕಾಲು, ಸೊಂಟ, ಬೆನ್ನುಮೂಳೆ, ಬೆರಳುಗಳು ಎಲ್ಲವೂ ತಮ್ಮ ಕಸವನ್ನು ಒಂದೇ ಕಾಲುವೆಗೆ ಸುರಿಯುತ್ತವೆ. ಅರ್ಧ ಗಂಟೆಯ ನಡಿಗೆಯಿಂದಲೇ ಕಾಂಪ್‌ನ ಪ್ರಮಾಣ ಏರುತ್ತದೆ, ರಾತ್ರಿ ಮಲಗಿದಾಗ ಇಳಿಯುತ್ತದೆ. ಮೂತ್ರಪಿಂಡ ದುರ್ಬಲವಾಗಿದ್ದರೆ ಲೆಕ್ಕ ಇನ್ನೊಂದಾಗುತ್ತದೆ. ಸೂಚಕಗಳನ್ನು ಯಾವ ಕೆಲಸಕ್ಕೆ ಬಳಸಬಹುದು ಎಂದು 2006ರಲ್ಲಿ ತಜ್ಞರು ವರ್ಗೀಕರಿಸಿದಾಗ ರೋಗ ಗುರುತಿಸುವುದು, ರೋಗದ ಹೊರೆ ಅಳೆಯುವುದು, ಮುಂದಿನ ಗತಿ ಹೇಳುವುದು, ಔಷಧದ ಪರಿಣಾಮ ನೋಡುವುದು ಇವೆಲ್ಲ ಬೇರೆ ಬೇರೆ ಕೆಲಸಗಳು ಎಂದು ಸ್ಪಷ್ಟಪಡಿಸಿದ್ದರು. ಗುಂಪಿನ ಸರಾಸರಿಯಲ್ಲಿ ವ್ಯತ್ಯಾಸ ತೋರಿಸುವ ಸೂಚಕ, ಎದುರಿಗೆ ಕುಳಿತ ಒಬ್ಬ ರೋಗಿಯ ಬಗ್ಗೆ ತೀರ್ಪು ಕೊಡಲಾರದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನು ಒಂದು ಲೆಕ್ಕ ಹಾಕದೆ ಮುಂದೆ ಹೋಗಲಾರೆ. ಸಾವಿರ ಮಂದಿಯ ಪೈಕಿ ಮುಂದಿನ ಎಂಟು ವರ್ಷಗಳಲ್ಲಿ 150 ಮಂದಿಗೆ ರೋಗ ಬರಲಿದೆ ಎಂದಿಟ್ಟುಕೊಳ್ಳೋಣ. ಪರೀಕ್ಷೆ ರೋಗ ಬರುವವರಲ್ಲಿ ಶೇ 75ರಷ್ಟು ಮಂದಿಯನ್ನು ಹಿಡಿಯುತ್ತದೆ, ಬಾರದವರಲ್ಲಿಯೂ ಶೇ 75ರಷ್ಟು ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ ಎನ್ನೋಣ. ಆಗ ನಿಜವಾಗಿ ಸಿಕ್ಕಿಬೀಳುವವರು ಸುಮಾರು 112, ಸುಳ್ಳೇ ಸಿಕ್ಕಿಬೀಳುವವರು ಸುಮಾರು 212. ಅಂದರೆ ನಿಮಗೆ ರೋಗ ಬರಲಿದೆ ಎಂದು ಚೀಟಿ ಪಡೆದ ಮೂವರಲ್ಲಿ ಇಬ್ಬರಿಗೆ ಆ ಅವಧಿಯಲ್ಲಿ ಅದು ಬರುವುದೇ ಇಲ್ಲ. ಈ ಅಂಕಿಗಳು ಉದಾಹರಣೆಗೆ ಹಾಕಿಕೊಂಡವು; ತರ್ಕ ಮಾತ್ರ ಎಲ್ಲ ತಪಾಸಣೆಗಳಿಗೂ ಅನ್ವಯಿಸುವಂಥದು.

ಈ ಹಿನ್ನೆಲೆಯಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಕಡೆ ನೋಡಬೇಕು. ಭೀಮಾ ಮತ್ತು ಕಾಗಿಣಾ ನದಿಗಳ ಈ ಸೀಮೆ ಸುಣ್ಣಕಲ್ಲಿನ ಹಾಸಿನ ಮೇಲೆ ಕುಳಿತಿದೆ. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕಿದ ಬೌದ್ಧ ಸ್ತೂಪದ ಫಲಕಗಳು ಸುಣ್ಣಕಲ್ಲಿನವು. ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡದಲ್ಲಿ ಇಂದು ಕೋಟೆಯ ಜೊತೆಗೆ ಸಿಮೆಂಟ್ ಕಾರ್ಖಾನೆಯ ಚಿಮಣಿಯೂ ಇದೆ. ವಾಡಿ, ಸೇಡಂಗಳಲ್ಲಿ ಸಿಮೆಂಟ್ ಉದ್ಯಮ ದಶಕಗಳಿಂದ ಬೇರೂರಿದೆ. ಚಿಂಚೋಳಿ ತಾಲ್ಲೂಕಿಗೂ ಅದು ಬಂದಿದೆ. ಇನ್ನು ಶಹಾಬಾದ್ ಕಲ್ಲಿನ ಹೆಸರು ಕೇಳದ ಮನೆ ದಖನ್ನಿನಲ್ಲಿ ಇರಲಾರದು. ಊರ ಹೆಸರೇ ಕಲ್ಲಿನ ಹೆಸರಾಗಿದೆ. ಸ್ಥಳೀಯರು ಫರಸಿ ಎನ್ನುತ್ತಾರೆ. ಪದರು ಪದರಾಗಿ ಏಳುವುದು ಈ ಕಲ್ಲಿನ ಗುಣ.

ಯಂತ್ರಗಳು ಬಂದಿವೆ, ಕೊಯ್ಯುವ ಗರಗಸಗಳು ಬಂದಿವೆ. ಆದರೂ ಸಣ್ಣ ಖಣಿಗಳಲ್ಲಿ ಪದರನ್ನು ಎಬ್ಬಿಸುವುದು, ಅಂಚು ತಿದ್ದುವುದು, ಹಾಸನ್ನು ಎತ್ತಿ ಲಾರಿಗೆ ಒಯ್ಯುವುದು ಮನುಷ್ಯನ ಕೈಯಿಂದ, ಅಂದರೆ ಮೊಣಕಾಲಿನಿಂದ ಆಗುತ್ತದೆ. ಉಳಿ ಸುತ್ತಿಗೆ ಹಿಡಿದವರು ದಿನವಿಡೀ ಕುಕ್ಕರಗಾಲಿನಲ್ಲಿ ಇಲ್ಲವೇ ಒಂದು ಮೊಣಕಾಲೂರಿ ಕೂರುತ್ತಾರೆ. ಭಾರ ಹೊತ್ತು ಆ ಭಂಗಿಯಿಂದಲೇ ಏಳುತ್ತಾರೆ. ಕೂಲಿ ಸಿಗುವುದು ಹೆಚ್ಚಾಗಿ ಒಡೆದ ಕಲ್ಲಿನ ಲೆಕ್ಕದಲ್ಲಿ, ಆದ್ದರಿಂದ ನಡುವೆ ಕಾಲು ಚಾಚಿ ಕೂತವನಿಗೆ ನಷ್ಟ. ಮನೆಯ ಹೆಂಗಸರು ತೊಗರಿ ಹೊಲದಲ್ಲಿ ಕಳೆ ಕೀಳುವಾಗ ಕೂರುವುದೂ ಅದೇ ಭಂಗಿಯಲ್ಲಿ.

ತೊಂಬತ್ತರ ದಶಕದಲ್ಲಿ ಆಗಿನ ಗುಲಬರ್ಗಾ ಜಿಲ್ಲೆಯಲ್ಲಿ ಕೆಲಸ ಮಾಡುತ್ತಿದ್ದಾಗ ನಾನು ಈ ಖಣಿಗಳಿಗೆ ಹೋಗಿದ್ದು ರಾಜಧನದ ಬಾಕಿ, ಗುತ್ತಿಗೆಯ ಗಡಿ ತಕರಾರುಗಳ ಸಲುವಾಗಿ. ಮೊಣಕಾಲುಗಳನ್ನು ಆಗ ನೋಡಲಿಲ್ಲ. ನನ್ನದೇ ನೋಯತೊಡಗಿದ ಮೇಲೆ, ಕಳೆದ ಚಳಿಗಾಲದಲ್ಲಿ ಶಹಾಬಾದಿಗೆ ಹೋದಾಗ ಹಳೆಯ ಕಲ್ಲೊಡೆಯುವವರೊಬ್ಬರನ್ನು ಮಾತಾಡಿಸಿದೆ. ವಯಸ್ಸು ನಲವತ್ತೆಂಟು. ಖಣಿ ಬಿಟ್ಟು ಮೂರು ವರ್ಷವಾಗಿದೆ. ಅಂಗಡಿಯ ಕಟ್ಟೆಯ ಮೇಲಿಂದ ಏಳಲು ಎರಡೂ ಕೈ ಊರಬೇಕು. ಅವರು ಹೇಳಿದ್ದು ಹೀಗೆ: "ಸಾಹೇಬ್ರ, ಕಲ್ಲಿಂದು ಪದರು ಎಲ್ಲಿ ಬಿಡ್ತದ ಅಂತ ಸುತ್ತಿಗಿ ಬಡದ ಸಪ್ಪಳಕ್ಕೇ ಗೊತ್ತಾಗ್ತದ. ಈ ಮೊಣಕಾಲಿನ ಒಳಗ ಏನಾಗ್ಯದ ಅಂತ ಯಾರ ಹೇಳಬೇಕು?"

ರಕ್ತದ ಪರೀಕ್ಷೆ ಹೇಳುತ್ತದೆಯೇ? ಅವರಿಗೆ ಈಗ ಅದು ಹೇಳಬೇಕಾದ್ದು ಏನೂ ಇಲ್ಲ. ಅವರ ರೋಗ ಅವರ ನಡಿಗೆಯಲ್ಲೇ ಕಾಣುತ್ತದೆ. ಪರೀಕ್ಷೆಗೆ ಬೆಲೆ ಇದ್ದರೆ ಅದು ಅವರ ಮೂವತ್ತನೆಯ ವಯಸ್ಸಿನಲ್ಲಿ ಇರಬಹುದಿತ್ತು. ಮಾಹಿತಿಯ ಬೆಲೆ ಅದು ನಮ್ಮ ಮುಂದಿನ ನಡೆಯನ್ನು ಎಷ್ಟು ಬದಲಿಸುತ್ತದೆ ಎಂಬುದರಲ್ಲಿದೆ ಎಂದು ಅರ್ಥಶಾಸ್ತ್ರ ಹೇಳುತ್ತದೆ. ಮೂವತ್ತರಲ್ಲಿ ತಿಳಿದಿದ್ದರೆ ಏನು ಮಾಡಬಹುದಿತ್ತು? ಮೃದ್ವಸ್ಥಿಯ ಸವೆತವನ್ನು ನಿಲ್ಲಿಸುತ್ತದೆ ಎಂದು ಸಾಬೀತಾಗಿ ಅನುಮೋದನೆ ಪಡೆದ ಔಷಧ ಇಂದಿಗೂ ಒಂದೂ ಇಲ್ಲ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು, ಭಾರ ತಪ್ಪಿಸುವುದು ಇವೇ ಇರುವ ಉಪಾಯಗಳು. ಶ್ರೀಮಂತ ದೇಶಗಳ ಸಂಶೋಧನೆಯ ಬಹುಭಾಗ ಬೊಜ್ಜಿನ ಸುತ್ತ ಇದೆ. ಖಣಿಯ ಕೂಲಿಯ ಮೊಣಕಾಲು ಸವೆಸಿದ್ದು ಮೈಯ ಭಾರವಲ್ಲ, ಹೊತ್ತ ಭಾರ. ಅವನಿಗೆ ನಿಜವಾದ ಔಷಧ ಬೇರೆ ಕೆಲಸ. ಅದನ್ನು ಯಾವ ಪ್ರಯೋಗಾಲಯವೂ ಬರೆದುಕೊಡುವುದಿಲ್ಲ.

ಕೊನೆಯ ಉಪಾಯ ಮೊಣಕಾಲು ಬದಲಿ ಶಸ್ತ್ರಚಿಕಿತ್ಸೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮೊಣಕಾಲಿಗೆ ಗರಿಷ್ಠ ಬೆಲೆ ನಿಗದಿ ಮಾಡಿದಾಗ, ಸಾಮಾನ್ಯವಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ಗೊತ್ತುಪಡಿಸಿತು. ಅದು ಒಳ್ಳೆಯ ನಿರ್ಧಾರವಾಗಿತ್ತು. ಆದರೆ ಕೃತಕ ಮೊಣಕಾಲು ಹಾಕಿಸಿಕೊಂಡವರಿಗೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರಬೇಡಿ, ಭಾರ ಎತ್ತಬೇಡಿ ಎಂಬುದೇ ವೈದ್ಯರ ಮೊದಲ ಸಲಹೆ. ನನ್ನಂಥ ಪಿಂಚಣಿದಾರನಿಗೆ ಅದರಿಂದ ನಷ್ಟವಿಲ್ಲ. ಕಲ್ಲೊಡೆಯುವವನಿಗೆ ಅದು ನಿವೃತ್ತಿ, ಪಿಂಚಣಿಯಿಲ್ಲದ ನಿವೃತ್ತಿ.

ಆದ್ದರಿಂದ ಪ್ರಶ್ನೆ ಚಿಕಿತ್ಸೆಯಿಂದ ಪರಿಹಾರಕ್ಕೆ ಹೊರಳುತ್ತದೆ. ಕೆಲಸದಿಂದ ಬಂದ ರೋಗಕ್ಕೆ ಪರಿಹಾರ ಕೊಡಬೇಕೆಂಬ ತತ್ವ ನಮ್ಮಲ್ಲಿ 1923ರಷ್ಟು ಹಳೆಯದು. ಆ ವರ್ಷದ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಔದ್ಯೋಗಿಕ ರೋಗಗಳ ಪಟ್ಟಿ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಂಥದೇ ಪಟ್ಟಿ ಮುಂದುವರಿದಿದೆ. ಸೀಸದ ವಿಷ ಅದರಲ್ಲಿದೆ, ಧೂಳಿನಿಂದ ಬರುವ ಶ್ವಾಸಕೋಶದ ರೋಗಗಳಿವೆ. ಮೊಣಕಾಲೂರಿ ಮಾಡುವ ದುಡಿಮೆಯಿಂದ ಬಂದ ಕೀಲು ಸವೆತ ಇಲ್ಲ. 1955ರ ಗಣಿ ನಿಯಮಗಳು ಐದು ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ವಿಧಿಸಿದಾಗ ಕೇಳಿದ್ದೂ ಎದೆಯ ಎಕ್ಸ್-ರೇಯನ್ನು. ಕಾನೂನು ಗಣಿ ಕಾರ್ಮಿಕನ ಎದೆಯನ್ನು ನೋಡಿತು, ಮೊಣಕಾಲಿನವರೆಗೆ ಇಳಿಯಲಿಲ್ಲ.

ಬೇರೆಡೆ ಇಳಿದಿದೆ. ಜರ್ಮನಿಯು 2009ರ ಜುಲೈನಲ್ಲಿ ಮೊಣಕಾಲು ಸವೆತವನ್ನು ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿಸಿತು. ಷರತ್ತು ಎರಡು: ದುಡಿಮೆಯ ಜೀವನದಲ್ಲಿ ಒಟ್ಟು ಕನಿಷ್ಠ 13,000 ಗಂಟೆ ಮೊಣಕಾಲೂರಿ ಅಥವಾ ಅದಕ್ಕೆ ಸಮನಾದ ಭಂಗಿಯಲ್ಲಿ ಕೆಲಸ ಮಾಡಿರಬೇಕು, ಪ್ರತಿ ಪಾಳಿಯಲ್ಲಿ ಅದು ಕನಿಷ್ಠ ಒಂದು ಗಂಟೆ ಇರಬೇಕು. ಅದೇ ವರ್ಷ ಬ್ರಿಟನ್ ಕಲ್ಲಿದ್ದಲು ಗಣಿಯ ಕೆಲಸಗಾರರಿಗೆ, ಮರುವರ್ಷ ನೆಲಹಾಸು ಹಾಕುವವರಿಗೆ ಈ ಸವಲತ್ತು ಕೊಟ್ಟಿತು. ಗಮನಿಸಬೇಕಾದ ಸಂಗತಿ ಎಂದರೆ ಈ ದೇಶಗಳಲ್ಲಿ ದುಡಿಮೆಯೇ ರೋಗಕ್ಕೆ ಕಾರಣ ಎಂಬುದಕ್ಕೆ ಯಾರೂ ರಕ್ತದ ಸಾಕ್ಷ್ಯ ಕೇಳಲಿಲ್ಲ. ರೋಗವಿದೆ ಎಂದು ವೈದ್ಯರು ಹೇಳಿದರೆ ಸಾಕು. ಕಾರಣವನ್ನು ತೋರಿಸುವುದು ದುಡಿದ ಕಾಲದ ಲೆಕ್ಕ. ರಕ್ತದ ಸೂಚಕ ನಾಳೆ ಎಷ್ಟೇ ನಿಖರವಾದರೂ ಈ ಮೊಣಕಾಲು ಖಣಿಯಲ್ಲಿ ಸವೆಯಿತೋ ವಯಸ್ಸಿನಿಂದ ಸವೆಯಿತೋ ಎಂದು ಹೇಳಲಾರದು.

ಜರ್ಮನಿಯ ಅಳತೆಯನ್ನು ಶಹಾಬಾದಿಗೆ ತಂದು ನೋಡೋಣ. ದಿನಕ್ಕೆ ನಾಲ್ಕು ಗಂಟೆ ಕುಕ್ಕರಗಾಲು, ವರ್ಷಕ್ಕೆ 250 ದಿನ ಕೆಲಸ ಎಂದರೆ ವರ್ಷಕ್ಕೆ ಸಾವಿರ ಗಂಟೆ. ಹದಿನೆಂಟಕ್ಕೆ ಖಣಿಗಿಳಿದವನು ಮೂವತ್ತೊಂದಕ್ಕೆ ಆ ಗೆರೆ ದಾಟುತ್ತಾನೆ. ನಾನು ಕಂಡವರಿಗೆ ಎಷ್ಟು ವರ್ಷ ದುಡಿದಿರಿ ಎಂದು ಕೇಳಿದಾಗ ಅವರು ಇಸವಿ ಹೇಳಲಿಲ್ಲ. ಮೊದಲ ಖಣಿಯಲ್ಲಿ ಏಳು ವರ್ಷ, ಅದರಲ್ಲಿ ನೀರು ನಿಂತ ಮೇಲೆ ಇನ್ನೊಂದರಲ್ಲಿ ಒಂಬತ್ತು, ಆಮೇಲೆ ಮತ್ತೊಂದು ಎಂದು ಬೆರಳು ಮಡಚಿದರು. ಕೂಡಿದರೆ ಇಪ್ಪತ್ತೆರಡು ವರ್ಷ. ನನ್ನ ಲೆಕ್ಕದಲ್ಲಿ 22,000 ಗಂಟೆ. ಇದಕ್ಕೆ ಅವರ ಬಳಿ ಕಾಗದದ ಚೂರೂ ಇಲ್ಲ. ಮೂವರು ಮಾಲೀಕರಲ್ಲಿ ಯಾರ ಹಾಜರಿ ಪುಸ್ತಕದಲ್ಲಾದರೂ ಅವರ ಹೆಸರು ಇತ್ತೇ ಎಂಬುದೂ ಅವರಿಗೆ ತಿಳಿಯದು.

ನಮ್ಮ ಆಡಳಿತದ ಕೊರತೆ ಇಲ್ಲಿದೆ, ನನ್ನ ಕಾಲದ ಆಡಳಿತವನ್ನೂ ಸೇರಿಸಿಯೇ ಹೇಳುತ್ತೇನೆ. ಎತ್ತಿದ ಕಲ್ಲಿನ ಟನ್ನುಗಳನ್ನು ನಾವು ಬಿಡದೆ ಬರೆದುಕೊಂಡೆವು, ಎತ್ತಿದವರ ದಿನಗಳನ್ನು ಬರೆಸಲಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳಿಂದ ತಾಲ್ಲೂಕುಗಳ ಹಿಂದುಳಿದಿರುವಿಕೆಯನ್ನು ಅಳೆದಿತ್ತು. ದುಡಿದು ದೇಹ ಸವೆಯುವುದಕ್ಕೆ ಅಲ್ಲಿ ಅಂಕಣವಿರಲಿಲ್ಲ. 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯಲ್ಲಿ ವೃತ್ತಿಯ ವಿವರ ಕೇಳುತ್ತಾರೆ. ಅದು ಕಾರ್ಮಿಕ ತಾನೇ ಹೇಳಿದ್ದನ್ನು ಬರೆದುಕೊಳ್ಳುವ ವ್ಯವಸ್ಥೆ. ಗಣಿ ಗುತ್ತಿಗೆ ನವೀಕರಿಸುವಾಗ ರಾಜಧನದ ಚಲನ್ ಜೊತೆಗೆ ಕಾರ್ಮಿಕರ ಹಾಜರಿಯ ಪ್ರತಿಯನ್ನೂ ಕೇಳಿ, ಇ-ಶ್ರಮ್ ಸಂಖ್ಯೆಗೆ ಜೋಡಿಸಿದರೆ ಇಪ್ಪತ್ತು ವರ್ಷಗಳ ನಂತರ ಒಬ್ಬ ಕಲ್ಲೊಡೆಯುವವನ ಗಂಟೆಗಳ ಲೆಕ್ಕ ತೆಗೆಯಲು ಬೆರಳು ಮಡಚಬೇಕಾಗುವುದಿಲ್ಲ. ಇದಕ್ಕೆ ಹೊಸ ವಿಜ್ಞಾನ ಬೇಕಿಲ್ಲ, ಒಂದು ಸುತ್ತೋಲೆ ಬೇಕು.

ಹಾಗಾದರೆ ರಕ್ತದ ಸಂಶೋಧನೆ ಈ ಸೀಮೆಗೆ ಬೇಡವೇ? ಬೇಕು, ಆದರೆ ಒಂದು ಎಚ್ಚರಿಕೆಯೊಂದಿಗೆ. ಎಂಟು ವರ್ಷ ಮುಂಚೆ ರೋಗ ಹೇಳುವ ಪರೀಕ್ಷೆ ಮೊದಲು ಯಾರ ಕೈಗೆ ಸೇರುತ್ತದೆ ಎಂಬುದು ಮುಖ್ಯ. ಕಾರ್ಮಿಕನ ಕೈಗೆ ಸೇರಿದರೆ ಅದು ಎಚ್ಚರಿಕೆ. ಗುತ್ತಿಗೆದಾರನ ಕೈಗೆ ಸೇರಿದರೆ ಕೆಲಸಕ್ಕೆ ತೆಗೆದುಕೊಳ್ಳದಿರಲು ನೆಪ. ಹಿಂದೆ ಹಾಕಿದ ಲೆಕ್ಕವನ್ನು ನೆನಪಿಸಿಕೊಂಡರೆ, ಹಾಗೆ ಕೆಲಸ ಕಳೆದುಕೊಳ್ಳುವ ಮೂವರಲ್ಲಿ ಇಬ್ಬರು ಸುಳ್ಳೇ ಕಳೆದುಕೊಳ್ಳುತ್ತಾರೆ. ಎಚ್‌ಐವಿ ವಿಷಯದಲ್ಲಿ 2017ರ ಕಾಯ್ದೆ ಉದ್ಯೋಗಕ್ಕೆ ರಕ್ತ ಪರೀಕ್ಷೆಯನ್ನು ಷರತ್ತು ಮಾಡುವಂತಿಲ್ಲ ಎಂದು ಹೇಳಿದೆ. ಕೀಲಿನ ಸೂಚಕಗಳಿಗೂ ಅಂಥ ನಿರ್ಬಂಧ ಪರೀಕ್ಷೆ ಮಾರುಕಟ್ಟೆಗೆ ಬರುವ ಮೊದಲೇ ಆಗಬೇಕು, ಬಂದ ಮೇಲಲ್ಲ.

ಇನ್ನು ಸಂಶೋಧನೆಯ ವಿಷಯ. ಚಿಂಗ್‌ಫರ್ಡ್‌ನ ಮಧ್ಯವಯಸ್ಸಿನ ಬಿಳಿಯ ಮಹಿಳೆಯರ ರಕ್ತದಿಂದ ತೆಗೆದ ಮಿತಿಗಳು ಚಿತ್ತಾಪುರದ ಕಲ್ಲೊಡೆಯುವವನಿಗೆ ಅನ್ವಯಿಸುತ್ತವೆ ಎಂದು ನಂಬಲು ಆಧಾರವಿಲ್ಲ. ಜೀವನಕ್ರಮ ಬದಲಾದರೆ ಮೊಣಕಾಲಿನ ಕಥೆಯೂ ಬದಲಾಗುತ್ತದೆ ಎಂಬುದಕ್ಕೆ ಚೀನಾದ ಉದಾಹರಣೆ ಇದೆ. ಬೀಜಿಂಗ್‌ನ ವಯಸ್ಸಾದ ಮಹಿಳೆಯರಲ್ಲಿ ಮೊಣಕಾಲು ಸವೆತ ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನ ಮಹಿಳೆಯರಿಗಿಂತ ಹೆಚ್ಚು ಎಂದು 2001ರಲ್ಲಿ ವರದಿಯಾಯಿತು. ಎಳೆಯ ವಯಸ್ಸಿನಲ್ಲಿ ದಿನಕ್ಕೆ ಹಲವು ಗಂಟೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದವರಲ್ಲಿ ಅಪಾಯ ಹೆಚ್ಚು ಎಂದು 2004ರಲ್ಲಿ ಅದೇ ತಂಡ ತೋರಿಸಿತು. ನಮ್ಮಲ್ಲಿ ಆಗ್ರಾ, ಬೆಂಗಳೂರು, ಕೋಲ್ಕತ್ತ, ಡೆಹ್ರಾಡೂನ್, ಪುಣೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆ ಶೇ 28.7 ಎಂಬ ಪ್ರಮಾಣ ಕೊಟ್ಟಿತ್ತು. ಆ ಐದರಲ್ಲಿ ಕಲ್ಲಿನ ಸೀಮೆ ಒಂದೂ ಇಲ್ಲ.

ಕಲಬುರಗಿಯಲ್ಲಿ ಇದನ್ನು ಮಾಡಬಲ್ಲ ಸಂಸ್ಥೆಗಳಿವೆ. ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಇಎಸ್‌ಐ ನಿಗಮದ ವೈದ್ಯಕೀಯ ಕಾಲೇಜು ಸೇಡಂ ರಸ್ತೆಯ ಮೇಲೆಯೇ ಇದೆ. 1948ರ ಇಎಸ್‌ಐ ಕಾಯ್ದೆಯು ಕಾರ್ಖಾನೆ ಎಂಬುದರ ವ್ಯಾಖ್ಯೆಯಿಂದ ಗಣಿಗಳನ್ನು ಹೊರಗಿಟ್ಟಿದ್ದರಿಂದ, ಸಿಮೆಂಟ್ ಗೂಡಿನ ಕೆಲಸಗಾರನಿಗೆ ತೆರೆದಿದ್ದ ಬಾಗಿಲು ಅದೇ ಸುಣ್ಣಕಲ್ಲು ಅಗೆದವನಿಗೆ ತೆರೆದಿರಲಿಲ್ಲ. ಹೊಸ ಸಂಹಿತೆಯಲ್ಲಿ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಗಣಿಯೂ ಒಳಗೆ ಬರುತ್ತದೆ. ಸಣ್ಣ ಫರಸಿ ಖಣಿಗಳಲ್ಲಿ ಹತ್ತು ಜನ ಲೆಕ್ಕದಲ್ಲಿ ಸಿಗುವುದೇ ಕಷ್ಟ ಎಂಬುದು ಬೇರೆ ಮಾತು, ಮತ್ತೆ ಹಾಜರಿ ಪುಸ್ತಕದ ಮಾತು. ಹಣಕ್ಕೂ ದಾರಿ ಇದೆ. 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಕನಿಷ್ಠ ಶೇ 60ರಷ್ಟನ್ನು ಆರೋಗ್ಯ, ಕುಡಿಯುವ ನೀರಿನಂಥ ಆದ್ಯತೆಗಳಿಗೆ ಬಳಸಬೇಕೆಂದು ಅಂದಿನ ಮಾರ್ಗಸೂಚಿಯೇ ಹೇಳಿತ್ತು. ಕಟ್ಟಡ, ರಸ್ತೆಗಳಷ್ಟು ಅಧ್ಯಯನ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಹಣ ಕೇಳುವವರು ಕಡಿಮೆ.

ಊಹೆಯ ಮೇಲೆ ನಡೆಯಬಾರದು ಎಂಬುದಕ್ಕೆ ಕರ್ನಾಟಕದಲ್ಲೇ ಪಾಠವಿದೆ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡ ದಲಿತ ಕುಟುಂಬಗಳ ಜನ ಸೊಂಟ, ಮೊಣಕಾಲಿನ ಕೀಲುಗಳು ಹಾಳಾಗಿ ನಡೆಯಲಾರದೆ ಕುಸಿದಾಗ, ಕೀಟನಾಶಕ ಬೆರೆತ ಗದ್ದೆಯ ಏಡಿ ತಿಂದದ್ದೇ ಕಾರಣ ಎಂದು ಮೊದಲು ಶಂಕಿಸಲಾಯಿತು. ಅದು ವಂಶವಾಹಿಯ ರೋಗ ಎಂಬುದು ಕುಟುಂಬಗಳನ್ನು ತಲೆಮಾರುಗಳವರೆಗೆ ಪರಿಶೀಲಿಸಿದ ಮೇಲೆ ಖಚಿತವಾಯಿತು. ಕಲಬುರಗಿ ಜಿಲ್ಲೆಯಲ್ಲೂ ಗೊಂದಲಕ್ಕೆ ಎಡೆ ಇದೆ: ಕೆಲವು ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದ್ದು, ಅದೂ ಮೂಳೆ ಕೀಲುಗಳಿಗೆ ನೋವು ತರುತ್ತದೆ. ಆದ್ದರಿಂದ ಅಧ್ಯಯನದಲ್ಲಿ ಖಣಿಯವರ ಜೊತೆಗೆ ಅದೇ ಊರಿನ ನೀರು ಕುಡಿಯುವ, ಖಣಿಗೆ ಹೋಗದವರನ್ನೂ ಸೇರಿಸಬೇಕು. ತೊಗರಿ ಹೊಲದ ಹೆಂಗಸರನ್ನು ಪ್ರತ್ಯೇಕವಾಗಿ ನೋಡಬೇಕು, ಅವರನ್ನು ಎಣಿಸುವ ಯಾವ ಕಾಯ್ದೆಯೂ ಇಲ್ಲ.

ಹಾಗೆ ನೋಡಿದರೆ ಕೆಲಸ ಸರಳ. ಹದಿನೆಂಟರಿಂದ ಮೂವತ್ತರ ಪ್ರಾಯದವರ ರಕ್ತ ತೆಗೆದು ಶೈತ್ಯಾಗಾರದಲ್ಲಿ ಕಾಪಿಡುವುದು, ಅವರ ಕೆಲಸದ ಗಂಟೆ ಬರೆದುಕೊಳ್ಳುತ್ತ ಹೋಗುವುದು, ಎರಡು ವರ್ಷಕ್ಕೊಮ್ಮೆ ಮೊಣಕಾಲು ನೋಡುವುದು. ಹತ್ತು ವರ್ಷಗಳ ನಂತರ ಯಾವ ಸೂಚಕ ಕೆಲಸಕ್ಕೆ ಬಂತೋ ಅದನ್ನು ಆ ರಕ್ತದಲ್ಲಿ ಹುಡುಕಬಹುದು. ಚಿಂಗ್‌ಫರ್ಡ್‌ನವರು ಮಾಡಿದ್ದು ಇಷ್ಟೇ. ಒಂದು ತೊಡಕಿದೆ. ನಡಿಗೆ, ಭಾರಗಳಿಂದ ಪ್ರಮಾಣ ಏರುವುದರಿಂದ ರಕ್ತವನ್ನು ವಿಶ್ರಾಂತಿಯ ನಂತರ, ಖಣಿಗೆ ಇಳಿಯುವ ಮುಂಚೆ ತೆಗೆಯಬೇಕು. ಖಣಿಯ ಕೆಲಸ ಬಿಸಿಲೇರುವ ಮುಂಚೆಯೇ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ರಕ್ತ ಕೊಡಲು ಸಾಲಿನಲ್ಲಿ ನಿಂತವನ ಅರ್ಧ ದಿನದ ದುಡಿಮೆ ಹೋದಂತೆ. ಅಧ್ಯಯನದ ಆಯವ್ಯಯದಲ್ಲಿ ಯಂತ್ರಗಳಿಗಿಂತ ಮೊದಲು ಆ ಕೂಲಿಯನ್ನು ಬರೆದುಕೊಳ್ಳಬೇಕು.